ಹೊಟ್ಟೆಯೊಳಗಿನ ಮದ್ದು

ಸವಡಿಯಿಂದ ಬಂದ ಚಕ್ಕಡಿ ದವಾಖಾನೆಯ ಬೇವಿನ ಗಿಡದ ಕೆಳಗೆ ನಿಂತಾಗ ನಾನು ಹೊರರೋಗಿಗಳನ್ನು ಮುಗಿಸಿ ಊಟಕ್ಕೆ ಏಳುವವನಿದ್ದೆ. ಬಿಸಿಲು ತಾಗದಂತೆ ಚಕ್ಕಡಿಗೆ ತಟ್ಟಿ ಕಟ್ಟಿದ್ದರು, ಒಳಗೆ ದಪ್ಪ ಗಾದಿ ಹಾಸಿದ್ದರು. ಉಳ್ಳವರ ಮನೆಯ ರೋಗಿ ಎಂದು ತಿಳಿಯಲು ಅಷ್ಟು ಸಾಕು. ಅಂಥವರು ನನ್ನ ಹತ್ತಿರ ಬರುತ್ತಿದ್ದುದು ಊರಿನ ವೈದ್ಯರು, ಗದಗಿನ ಪುಡಿಗಳು, ಹರಕೆಗಳು ಎಲ್ಲ ಮುಗಿದ ಮೇಲೆ. ಊಟ ತಡವಾಗುತ್ತದೆ ಎಂದು ಒಪ್ಪಿಕೊಂಡು ಮತ್ತೆ ಕುರ್ಚಿಯಲ್ಲಿ ಕುಳಿತೆ.

ರೋಣ ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ವರ್ಷಗಳು ಅವು. ನನ್ನ ದವಾಖಾನೆಯಲ್ಲಿ ಒಂದು ಪರೀಕ್ಷೆಯ ಮೇಜು, ಸ್ಪಿರಿಟ್ ದೀಪ, ಹಳೆಯ ಸೂಕ್ಷ್ಮದರ್ಶಕ, ಕೆಲವು ಮಂಚಗಳು ಮತ್ತು ಎಲ್ಲಕ್ಕೂ ಸೇರಿ ಒಬ್ಬ ಕಂಪೌಂಡರ ಇದ್ದ. ಎಕ್ಸ್-ರೇ ಬೇಕಾದರೆ ಗದಗಿಗೆ ಮೋಟಾರು ಹಿಡಿದು, ಅಲ್ಲಿಂದ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಬೇಕು. ಹೀಗಾಗಿ ಹೊಟ್ಟೆಯ ರೋಗಗಳನ್ನು ನಾನು ಕೈ, ಕಣ್ಣು, ಮೂಗು ಮತ್ತು ಬಾಯಿತುಂಬ ಪ್ರಶ್ನೆ, ಇವುಗಳಿಂದಲೇ ಗುರುತಿಸಬೇಕಾಗಿತ್ತು. ಈ ಪದ್ಧತಿ ನನಗೆ ಇಷ್ಟವೇ ಆಗಿತ್ತು ಎಂದು ಹೇಳಿದರೆ ತಪ್ಪಾಗಲಾರದು.

ರೋಗಿ ಐವತ್ತು ದಾಟಿದ ಹೆಂಗಸು, ಎತ್ತರದ ಆಳು, ವಿಧವೆ. ಮಗ ಕೈ ಚಾಚಿದರೂ ಹಿಡಿಯದೆ ತಾನೇ ಇಳಿದಳು. ಗಂಡ ತೀರಿದ ಮೇಲೆ ಎರೆಹೊಲ, ಅರಳೆ ವ್ಯಾಪಾರ, ಆಳುಕಾಳು ಎಲ್ಲವನ್ನೂ ಆಕೆಯೇ ನೋಡಿಕೊಂಡಿದ್ದಳಂತೆ. ಮಗನಿಗೆ ಮೀಸೆ ದಪ್ಪಗಿತ್ತು, ಆದರೆ ಮಾತಾಡುವ ಮೊದಲು ತಾಯಿಯ ಮುಖ ನೋಡುತ್ತಿದ್ದ. ಜೊತೆಗೆ ಆಕೆಯ ನಾದಿನಿ ಬಂದಿದ್ದಳು. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆ ಸೇರಿದ ಆ ಹೆಂಗಸಿಗೆ ಅತ್ತಿಗೆಯೇ ತಾಯಿ ಇದ್ದ ಹಾಗೆ.

ದೀಪಾವಳಿಯಿಂದ ಊಟ ಸೇರುತ್ತಿರಲಿಲ್ಲ. ಉಂಡರೆ ಹೊಟ್ಟೆ ಕಲ್ಲು ಇಟ್ಟಂತೆ ಭಾರ. ಹೋಳಿ ಹುಣ್ಣಿಮೆಯ ಹೊತ್ತಿಗೆ ವಾಂತಿ ಶುರುವಾಯಿತು, ಮೊದಲು ಅಪರೂಪಕ್ಕೆ, ಆಮೇಲೆ ಪ್ರತಿ ಸಂಜೆ. ವಾಂತಿಯಲ್ಲಿ ಹಳದಿ ಅಥವಾ ಹಸಿರು ಬಣ್ಣ ಇರುತ್ತದೆಯೇ ಎಂದು ಕೇಳಿದೆ. ಇಲ್ಲ ಎಂದಳು. ಕಹಿ ಇರುತ್ತದೆಯೇ ಎಂದೆ. ಇಲ್ಲ, ಬರೀ ಹಳಸಿದ ವಾಸನೆ ಎಂದಳು. ಪಿತ್ತ ಬೀಳುತ್ತಿಲ್ಲ ಎಂದರೆ ಅಡ್ಡಿ ಇರುವುದು ಜಠರದ ಕೆಳಬಾಯಿಯಲ್ಲಿ, ಪಿತ್ತ ಬಂದು ಸೇರುವ ಜಾಗಕ್ಕಿಂತ ಮೇಲೆ.

ಇಷ್ಟು ಹೇಳುವುದರೊಳಗೆ ಆಕೆಗೆ ವಾಂತಿ ಬಂತು. ಕಂಪೌಂಡರ ಎನಾಮಲ್ ಬೋಗುಣಿ ಹಿಡಿದ. ಬೋಗುಣಿಯನ್ನು ಕಿಟಕಿಯ ಬೆಳಕಿಗೆ ಒಯ್ದು ಕಡ್ಡಿಯಿಂದ ಕೆದಕಿ ನೋಡಿದೆ. ಇಡೀ ಹೆಸರುಕಾಳುಗಳು ಸಿಕ್ಕವು. ಹೆಸರುಕಾಳಿನ ಪಲ್ಯ ಉಂಡದ್ದು ಯಾವಾಗ ಎಂದು ಕೇಳಿದಾಗ ಮೊನ್ನೆ ಎಂದು ಉತ್ತರ ಬಂತು. ಉತ್ತರ ಕೊಟ್ಟವಳು ನಾದಿನಿ. ಅವತ್ತು ತಾನು ಊರಲ್ಲಿರಲಿಲ್ಲ, ಅಡಿಗೆ ಮಾಡಿದವಳು ಸೊಸೆ ಎಂದೂ ಸೇರಿಸಿದಳು. ನನಗೆ ಬೇಕಾಗಿದ್ದದ್ದು ದಿನ, ಅಡಿಗೆ ಮಾಡಿದವರ ಹೆಸರಲ್ಲ. ಆ ಎರಡನೆಯ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಮೇಜಿನ ಮೇಲೆ ಮಲಗಿಸಿ ಒಂದು ಲೋಟ ನೀರು ಕುಡಿಸಿದೆ. ಕಿಟಕಿಯ ಬೆಳಕು ಅಡ್ಡಲಾಗಿ ಬೀಳುವಂತೆ ಮೇಜನ್ನು ತಿರುಗಿಸಿ, ಹೊಟ್ಟೆಯ ಮಟ್ಟಕ್ಕೆ ಕಣ್ಣು ಬರುವ ಹಾಗೆ ಮೊಣಕಾಲೂರಿ ಕುಳಿತು ಕಾದೆ. ಇಂಥ ಹೊತ್ತಿನಲ್ಲಿ ಅವಸರ ಮಾಡುವ ಡಾಕ್ಟರನಿಗೆ ಏನೂ ಕಾಣುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎಡ ಪಕ್ಕೆಯ ಕೆಳಗಿನಿಂದ ಒಂದು ಉಬ್ಬು ಎದ್ದು ನಿಧಾನವಾಗಿ ಬಲಕ್ಕೆ ಸರಿದು ಇಳಿಯಿತು, ದುಪ್ಪಟಿಯ ಕೆಳಗೆ ಮಲಗಿದ ಕೂಸು ಮಗ್ಗಲು ಬದಲಿಸಿದ ಹಾಗೆ. ಹಿಂದೆಯೇ ಇನ್ನೊಂದು. ಜಠರ ತನ್ನಲ್ಲಿದ್ದುದನ್ನು ಮುಂದೆ ದೂಡಲು ಹೆಣಗುತ್ತಿತ್ತು. ಸೊಂಟವನ್ನು ಎರಡೂ ಕೈಯಿಂದ ಹಿಡಿದು ಅಲುಗಿಸಿದರೆ ಅರ್ಧ ತುಂಬಿದ ಕೊಡದ ಸಪ್ಪಳ ಕೇಳಿಸಿತು.

ಅಡ್ಡಿ ಇದೆ ಎಂಬುದು ನಿಶ್ಚಯವಾಯಿತು. ಇನ್ನು ಅದು ಹಳೆಯ ಹುಣ್ಣು ಮಾಗಿ ಬಾಯಿ ಬಿಗಿದದ್ದೋ, ಗಂಟು ಬೆಳೆದದ್ದೋ ಎಂಬ ಪ್ರಶ್ನೆ. ಹುಣ್ಣಾದರೆ ಕೊಯ್ದು ಬೇರೆ ದಾರಿ ಮಾಡಿಕೊಡಬಹುದು, ರೋಗಿ ಮತ್ತೆ ರೊಟ್ಟಿ ಉಣ್ಣುತ್ತಾಳೆ. ಅಂಗೈ ಬೆಚ್ಚಗೆ ಮಾಡಿಕೊಂಡು ಹೊಕ್ಕುಳದ ಮೇಲೆ ಇಟ್ಟು, ಉಸಿರು ಎಳೆದುಕೊಳ್ಳಲು ಹೇಳಿದೆ. ಉಸಿರಿನ ಜೊತೆ ಗಟ್ಟಿಯಾದದ್ದೊಂದು ಬೆರಳಿನ ಕೆಳಗೆ ಬಂದು ತಗುಲಿತು. ಕೊನೆಗೆ ಎಡಗಡೆಯ ಕೊರಳೆಲುಬಿನ ಹಿಂದಿನ ಗುಳಿಯಲ್ಲಿ ಬೆರಳಿಟ್ಟೆ. ಅಲ್ಲಿ ಏನೂ ಸಿಗದಿರಲಿ ಎಂದು ಪ್ರತಿ ಸಲ ಅನ್ನಿಸುತ್ತದೆ. ಸಿಕ್ಕಿತು, ನೆನೆಸದ ಕಡಲೆಕಾಳಿನಷ್ಟು, ಅಷ್ಟೇ ಗಟ್ಟಿ. ಜಠರದ ಗಂಟು ಅಷ್ಟು ದೂರ ಬಂದು ಕುಳಿತಿದೆ ಎಂದರೆ ಕೊಯ್ದು ತೆಗೆಯುವ ಕಾಲ ಮುಗಿದಿದೆ ಎಂದರ್ಥ.

ಆದರೂ ಬೆರಳಿನ ಮಾತೊಂದನ್ನೇ ನಂಬುವಂತಿಲ್ಲ. ಮಂಚ ಕೊಟ್ಟು ಉಳಿಸಿಕೊಂಡೆ. ಬೆಳಿಗ್ಗೆ ರಬ್ಬರ್ ನಳಿಗೆ ನುಂಗಿಸಿ ಜಠರವನ್ನು ತಿಳಿನೀರು ಬರುವವರೆಗೆ ತೊಳೆದೆ. ನಳಿಗೆ ನುಂಗುವುದು ಕುಸ್ತಿ ಆಡುವ ಗಂಡಸರಿಗೂ ಕಷ್ಟ. ಈಕೆ ಒಮ್ಮೆ ಓಕರಿಸಿ, ಆಮೇಲೆ ಕಣ್ಣು ಮುಚ್ಚಿ ನುಂಗಿಬಿಟ್ಟಳು. ಆಮೇಲೆ ತೆಳ್ಳಗಿನ ಗಂಜಿ ಕುಡಿಸಿ, ಬಿಟ್ಟು ಬಿಟ್ಟು ಸ್ವಲ್ಪ ಸ್ವಲ್ಪ ಹೊರಗೆಳೆದು ಹನಿಹನಿ ಪರೀಕ್ಷಾದ್ರವ ಹಾಕಿದೆ. ಹುಣ್ಣಿನ ಹೊಟ್ಟೆಯಲ್ಲಿ ಆಮ್ಲ ಸಾಕಷ್ಟು ಇರುತ್ತದೆ, ದ್ರವ ಕೆಂಪಗಾಗುತ್ತದೆ. ಒಂದು ಗಾಜಿನ ನಳಿಕೆಯಲ್ಲೂ ಕೆಂಪು ಬರಲಿಲ್ಲ. ಮಲದಲ್ಲಿ ಕಣ್ಣಿಗೆ ಕಾಣದ ರಕ್ತಕ್ಕೂ ಪರೀಕ್ಷೆ ಮಾಡಿದೆ. ಅದಕ್ಕೆ ಮೊದಲು ರೋಗಿ ಕೆಲವು ದಿನ ಮಾಂಸ ತಿಂದಿರಬಾರದು ಎಂದು ಪುಸ್ತಕ ಹೇಳುತ್ತದೆ. ಆ ಮನೆಯಲ್ಲಿ ಅಜ್ಜ ಮುತ್ತಜ್ಜರ ಕಾಲದಿಂದಲೂ ಆ ನಿಯಮ ಪಾಲನೆಯಾಗುತ್ತ ಬಂದಿತ್ತು. ಕಾಗದ ಅಚ್ಚ ನೀಲಿಯಾಯಿತು, ರಕ್ತ ಇದೆ ಎಂದರ್ಥ.

ಚೀಟಿ ಬರೆದು ಹುಬ್ಬಳ್ಳಿಗೆ ಕಳಿಸಿದೆ. ಅಲ್ಲಿ ಬೇರಿಯಂ ಕುಡಿಸಿ ಎಕ್ಸ್-ರೇ ತೆಗೆದರು. ಅಲ್ಲಿನ ಹಿರಿಯ ಸರ್ಜನ್ ಹೊಟ್ಟೆ ಮುಟ್ಟಿ ನೋಡಿ, ಯಕೃತ್ತಿಗೂ ಹಬ್ಬಿದೆ, ಕೊಯ್ದು ಸಂಕಟ ಕೊಡುವುದು ಬೇಡ ಎಂದು ನನಗೆ ಬರೆದರು. ಮಗನನ್ನು ಹೊರಗೆ ಕರೆದು ನಿಜ ಹೇಳಿದರು. ಮನೆಯಲ್ಲಿ ಹುಣ್ಣು ಎಂದು ಹೇಳು ಎಂದೂ ಹೇಳಿಕೊಟ್ಟರು. ಆಗ ಎಲ್ಲರದೂ ಅದೇ ಪದ್ಧತಿ. ಕೆಟ್ಟ ರೋಗದ ಹೆಸರನ್ನು ಮನೆಯ ಗಂಡಸಿಗೆ ಕಟ್ಟೆಯ ಮೇಲೆ ನಿಲ್ಲಿಸಿ ಹೇಳಬೇಕು, ರೋಗಿಗೆ ಹುಣ್ಣು ಅನ್ನಬೇಕು. ಮಗ ನನ್ನ ಹತ್ತಿರ ಬಂದು ಅಳುತ್ತ, ಅವ್ವನಿಗೆ ಮಾತ್ರ ತಿಳಿಸಬಾರದು ಎಂದು ಕೈಮುಗಿದ. ನಾನೂ ಆಗಲಿ ಎಂದೆ.

ಅಲ್ಲಿಂದ ದಿನ ಬಿಟ್ಟು ದಿನ ಸೈಕಲ್ಲಿನಲ್ಲಿ ಸವಡಿಗೆ ಹೋಗುವ ಕೆಲಸ ಶುರುವಾಯಿತು. ಹೊಟ್ಟೆ ತೊಳೆದರೆ ಒಂದು ದಿನವಾದರೂ ವಾಂತಿ ನಿಲ್ಲುತ್ತಿತ್ತು, ತಿಳಿಯಾದ ಪದಾರ್ಥ ಸ್ವಲ್ಪ ಒಳಗೆ ಇಳಿಯುತ್ತಿತ್ತು. ಮೈ ಒಣಗಿದಾಗ ತೊಡೆಯ ಚರ್ಮದ ಕೆಳಗೆ ಸೂಜಿ ಹಾಕಿ ಸಲೈನ್ ಬಿಡುತ್ತಿದ್ದೆ. ನಾನು ಹೋದಾಗಲೆಲ್ಲ ವಾಂತಿಯ ಬೋಗುಣಿ ಎತ್ತುವುದು, ಬೂದಿ ಹಾಕಿ ತೊಳೆಯುವುದು, ಸೀರೆ ಒಗೆಯುವುದು, ಇದೆಲ್ಲ ಒಬ್ಬ ಎಳೆಯ ಹೆಣ್ಣುಮಗಳು ಮಾಡುತ್ತಿದ್ದಳು. ಮಾತಿಲ್ಲ. ಅವಳೇ ಸೊಸೆ, ಗಜೇಂದ್ರಗಡದವಳು, ಮದುವೆಯಾಗಿ ಬಹಳ ದಿನ ಆಗಿರಲಿಲ್ಲ. ಇಷ್ಟೆಲ್ಲ ಮಾಡುವವಳು ಅಡಿಗೆಮನೆಯ ಹೊಸ್ತಿಲು ಮಾತ್ರ ದಾಟುತ್ತಿರಲಿಲ್ಲ. ಅದು ನನ್ನ ಕಣ್ಣಿಗೆ ಬಿದ್ದದ್ದು ತಡವಾಗಿ.

ಒಂದು ಮಧ್ಯಾಹ್ನ ಹೋದಾಗ ಪಡಸಾಲೆಯಲ್ಲಿ ಓಣಿಯ ಹೆಂಗಸರು ಗುಂಪುಗೂಡಿದ್ದರು. ನಾದಿನಿ ಹುಬ್ಬಳ್ಳಿಯ ಎಕ್ಸ್-ರೇ ಫಿಲ್ಮನ್ನು ಬಾಗಿಲ ಬಿಸಿಲಿಗೆ ಎತ್ತಿ ಹಿಡಿದಿದ್ದಳು. ಬೇರಿಯಂ ತುಂಬಿದ ಜಠರ ಬೆಳ್ಳಗೆ ಚೀಲದ ಹಾಗೆ ಕಾಣುತ್ತಿತ್ತು. ಅದರ ಕೆಳತುದಿಯಲ್ಲಿ ಯಾರೋ ಕಚ್ಚಿ ತೆಗೆದಂಥ ಕರಿ ಜಾಗ. ಅವಳು ಬೆರಳಿಟ್ಟು ತೋರಿಸುತ್ತಿದ್ದುದು ಆ ಜಾಗವನ್ನೇ. ರೋಗದ ಜಾಗವನ್ನು ಅವಳು ಸರಿಯಾಗಿಯೇ ಗುರುತಿಸಿದ್ದಳು ಎಂದು ನಾನು ಒಳಗೊಳಗೇ ಮೆಚ್ಚುತ್ತಿದ್ದಾಗ ಅವಳ ಮಾತು ಕೇಳಿಸಿತು.

“ಇಲ್ಲೇ ಕುಂತೈತಿ ನೋಡ್ರಿ ಮದ್ದು. ಹೆಸರಕಾಳಿನ ಪಲ್ಯೆದಾಗ ಹಾಕಿದ್ದು. ಅದಕ್ಕ ಆ ಕಾಳು ಎರಡ ದಿನ ಆದ್ರೂ ಕೆಳಗ ಇಳೀಲಿಲ್ಲ.”

ಮದ್ದು ಎಂದರೆ ಏನೆಂದು ಈ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಊಟದಲ್ಲಿ ಗುಟ್ಟಾಗಿ ಬೆರೆಸಿ ಕೊಟ್ಟದ್ದು ಹೊಟ್ಟೆಯಲ್ಲಿ ಅಂಟಿ ಕೂತು, ಉಂಡದ್ದು ಮೈಗೆ ಹತ್ತದಂತೆ ಮಾಡಿ, ಮನುಷ್ಯನನ್ನು ಒಣಗಿಸಿ ಕೊಲ್ಲುತ್ತದೆ ಎಂಬ ನಂಬಿಕೆ. ಅಸೂಟಿಯ ರೋಗಿಗಳಿಂದ ಕೇಳಿದ್ದೆ, ನರಗುಂದದ ಕಡೆ ಹೋದಾಗ ಚಿಕ್ಕನರಗುಂದದಲ್ಲೂ ಕೇಳಿದ್ದೆ. ಅದನ್ನು ವಾಂತಿ ಮಾಡಿಸಿ ತೆಗೆಯುವ ಜನ ಬೇರೆ ಇದ್ದರು. ಜಠರದ ಗಂಟಿನ ಲಕ್ಷಣಗಳನ್ನು ಒಂದೊಂದಾಗಿ ಬರೆದು ನೋಡಿದರೆ ಮದ್ದಿನ ಲಕ್ಷಣಗಳೂ ಅವೇ. ನಾನು ಬೋಗುಣಿಯಲ್ಲಿ ಕಂಡ ಕಾಳುಗಳನ್ನೇ ಅವಳೂ ಕಂಡಿದ್ದಳು. ರೋಗ ದೀಪಾವಳಿಯಿಂದಲೇ ಇತ್ತು ಎಂಬುದು ಮಾತ್ರ ಅವಳ ಲೆಕ್ಕಕ್ಕೆ ಬಂದಿರಲಿಲ್ಲ.

ಅದು ಹುಣ್ಣು, ಮದ್ದಲ್ಲ ಎಂದು ಗಟ್ಟಿಯಾಗಿ ಹೇಳಿದೆ. ನಾದಿನಿ ಜಗಳದವಳಲ್ಲ. ಮೆತ್ತಗೆ ಕೇಳಿದಳು:

“ಹುಣ್ಣು ಸುಮ್‍ಸುಮ್ನ ಆಗತೈತೇನ್ರಿ ಸಾಹೇಬ್ರ? ಏನರ ಒಳಗ ಹೋಗಿ ಸುಟ್ಟಿರಬೇಕಲ್ರಿ?”

ಇದಕ್ಕೆ ನನ್ನಲ್ಲಿ ಉತ್ತರವಿತ್ತು, ಹೇಳುವ ಹಾಗಿರಲಿಲ್ಲ. ಮಗನ ಮುಖ ನೋಡಿದೆ. ಅವನು ನೆಲ ನೋಡಿದ. ನಾವಿಬ್ಬರೂ ಸೇರಿ ಆಡುತ್ತಿದ್ದ ಹುಣ್ಣಿನ ಮಾತು ಅವನ ಹೆಂಡತಿಯ ಕೊರಳಿಗೆ ಸುತ್ತಿಕೊಳ್ಳುತ್ತಿತ್ತು. ಅದು ಅವನಿಗೂ ಗೊತ್ತಿತ್ತು. ಹೊರಗೆ ಕರೆದು, ಕಡೇಪಕ್ಷ ಸೋದರತ್ತೆಗಾದರೂ ನಿಜ ಹೇಳು ಎಂದೆ. ಅತ್ತೆಗೆ ಹೇಳಿದರೆ ಸಂಜೆಯೊಳಗೆ ಅವ್ವನಿಗೆ ಮುಟ್ಟುತ್ತದೆ ಎಂದ. ಅದೂ ಸುಳ್ಳಲ್ಲ.

ಮುಂದಿನ ಸಲ ನಾನಾಗಿ ಹೋಗಲಿಲ್ಲ, ಕರೆ ಬಂತು. ಬೆಣ್ಣೆಹಳ್ಳದ ಆಚೆಯಿಂದ ಮದ್ದು ತೆಗೆಯುವವನನ್ನು ಕರೆಸಿದ್ದರು. ಅವನು ಯಾವುದೋ ಬೇರು ಅರೆದು ಕುಡಿಸಿದ್ದ. ಆಕೆ ಮೊದಲು ನೀರು, ಆಮೇಲೆ ಕಪ್ಪಗಿನದು, ಕೊನೆಗೆ ಕೆಂಪು ರಕ್ತ ಕಾರಿ ಬಿದ್ದಿದ್ದಳು. ನಾನು ಹೋದಾಗ ಅವನು ಊರು ಬಿಟ್ಟಾಗಿತ್ತು. ನಾಡಿ ದಾರದ ಎಳೆಯಂತೆ ತೆಳ್ಳಗೆ ಓಡುತ್ತಿತ್ತು, ಕೈಕಾಲು ತಣ್ಣಗಾಗಿದ್ದವು. ಮಂಚದ ಕಾಲ್ದೆಸೆಗೆ ಇಟ್ಟಂಗಿ ಕೊಟ್ಟು ಎತ್ತರಿಸಿದೆ, ಮಾರ್ಫಿಯಾ ಚುಚ್ಚಿದೆ, ಕುಗ್ಗಿಹೋದ ನರವನ್ನು ಮೊಣಕೈಯಲ್ಲಿ ಕಷ್ಟಪಟ್ಟು ಹುಡುಕಿ ಸಲೈನ್ ಹಚ್ಚಿದೆ. ಸಂಜೆಯ ಹೊತ್ತಿಗೆ ನಾಡಿ ಬೆರಳಿಗೆ ಸಿಗತೊಡಗಿತು.

ಒಂದು ತಾಟಿನಲ್ಲಿ ಆ ಕಪ್ಪು ವಾಂತಿಯನ್ನು ಮುಚ್ಚಿಟ್ಟಿದ್ದರು. ಜಠರದಲ್ಲಿ ನಿಂತು ಕೆಟ್ಟ ರಕ್ತ ಹಾಗೆ ಕಾಣುತ್ತದೆ. ಕಾಫಿ ಪುಡಿಯ ಹಾಗೆ ಎಂದು ನಮ್ಮ ಪುಸ್ತಕಗಳಲ್ಲಿ ಬರೆದಿದ್ದಾರೆ. ಚಹಾ ಕುಡಿಯುವ ನಮ್ಮ ಸೀಮೆಯಲ್ಲಿ ಅದಕ್ಕೆ ಗುರೆಳ್ಳು ಹಿಂಡಿಯ ಹೋಲಿಕೆಯೇ ಸರಿ. ಮದ್ದು ಇದೇ, ಅರ್ಧ ಹೊರಗೆ ಬಂದಿದೆ, ಇನ್ನರ್ಧ ಒಳಗಿದೆ ಎಂದು ಅವನು ಹೇಳಿ ಹೋಗಿದ್ದನಂತೆ. ಓಣಿಯವರೆಲ್ಲ ನೋಡಿಹೋಗಿದ್ದರು. ಸೊಸೆ ಕಾಣಲಿಲ್ಲ. ಕೇಳಿದೆ. ಟ್ರಂಕು ಸಮೇತ ಗಜೇಂದ್ರಗಡದ ಮೋಟಾರು ಹತ್ತಿಸಿದ್ದರು. ಗಂಡನೇ ಹತ್ತಿಸಿದ್ದ.

ನನಗೆ ಸಿಟ್ಟು ಬಂದಿತ್ತು. ಮದ್ದು ತೆಗೆದವನ ಮೇಲೆ ಅಷ್ಟಲ್ಲ. ನಿಜ ಗೊತ್ತಿದ್ದೂ ಹೆಂಡತಿಯನ್ನು ಮೋಟಾರು ಹತ್ತಿಸಿದ ಈ ದಪ್ಪ ಮೀಸೆಯವನ ಮೇಲೆ. ಸೈಕಲ್ ತುಳಿಯುತ್ತ ರೋಣಕ್ಕೆ ಬರುವಾಗ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಒಬ್ಬಾಕೆ ಹೇಗೂ ಸಾಯುತ್ತಾಳೆ. ನಮ್ಮ ಕೆಲಸ ಆಕೆಯ ಸಾವು ಸುಗಮವಾಗುವಂತೆ ನೋಡಿಕೊಳ್ಳುವುದು. ಆದರೆ ಇನ್ನೊಬ್ಬಳು ಇನ್ನೂ ಬದುಕಬೇಕಾದವಳು. ಮದ್ದು ಹಾಕಿದವಳು ಎಂಬ ಹೆಸರು ಹೊತ್ತು ತವರಿನಲ್ಲಿ ಕೂತರೆ ಅವಳ ಬಾಳು ಅಲ್ಲಿಗೇ ನಿಂತಿತು. ಆ ಹೆಸರನ್ನು ತೆಗೆಯಬಲ್ಲವಳು ಆ ಮನೆಯಲ್ಲಿ ಒಬ್ಬಳೇ, ಮಂಚದ ಮೇಲಿದ್ದವಳು. ಅವಳಿಗೆ ನಿಜ ಗೊತ್ತಿರಲಿಲ್ಲ.

ಮಗನ ಒಪ್ಪಿಗೆ ಕೇಳಲಿಲ್ಲ. ಮುಂದಿನ ಭೇಟಿಯಲ್ಲಿ, ಹೊಟ್ಟೆ ತೊಳೆಯಬೇಕು, ಎಲ್ಲರೂ ಹೊರಗಿರಿ ಎಂದು ಬಾಗಿಲು ಮುಂದೆ ಮಾಡಿದೆ. ತೊಳೆದದ್ದೂ ಆಯಿತು. ನಳಿಗೆ ಹೊರಗೆ ತೆಗೆದು, ಆಕೆ ಬಾಯಿ ಮುಕ್ಕಳಿಸಿ ಒರಗಿಕೊಂಡ ಮೇಲೆ ಮಂಚದ ಪಕ್ಕದಲ್ಲಿ ಕುಳಿತೆ. ನಿಮ್ಮ ರೋಗದ ವಿಷಯ ನಿಮಗೇ ಹೇಳಬೇಕಾಗಿದೆ, ಕೇಳುತ್ತೀರಾ ಎಂದೆ. ಹೇಳು ಎಂದಳು. ಹೊಟ್ಟೆಯಲ್ಲಿರುವುದು ಹುಣ್ಣಲ್ಲ, ಮೈಯಲ್ಲೇ ಹುಟ್ಟಿ ಬೆಳೆದ ಗಂಟು ಎಂದೆ. ಯಾರೂ ಹಾಕಿದ್ದಲ್ಲ, ಉಂಡದ್ದರಿಂದ ಬಂದದ್ದಲ್ಲ. ಆಕೆಯ ಬೆರಳು ಹಿಡಿದು ಕೊರಳೆಲುಬಿನ ಹಿಂದಿನ ಆ ಗಟ್ಟಿ ಕಾಳಿನ ಮೇಲೆ ಇಟ್ಟೆ. ಹೊಟ್ಟೆಯಲ್ಲಿರುವುದರ ಮರಿ ಇದು, ಮದ್ದಾಗಿದ್ದರೆ ಕೊರಳಿಗೆ ಬಂದು ಕೂಡುತ್ತಿರಲಿಲ್ಲ ಎಂದೆ.

ಆಕೆ ಬಹಳ ಹೊತ್ತು ಅದನ್ನು ಬೆರಳಿನಿಂದ ಒತ್ತಿ ನೋಡಿದಳು. ಧಾನ್ಯ ಕೊಳ್ಳುವವರು ಕಾಳು ಒತ್ತಿ ನೋಡುವ ಹಾಗೆ.

“ಹಂಗಾರ ಆ ಹುಡಿಗಿ ಏನೂ ಹಾಕಿಲ್ಲ.”

ಹಾಕಿಲ್ಲ ಎಂದೆ.

“ಹಾಕಿದ್ಲಂದ್ರ ಚಲೋ ಇತ್ತಪಾ. ಹಾಕಿದ್ದನ್ನ ತಗಸಾಕರ ಬರ್ತಿತ್ತು.”

ಇಂಥ ಮಾತಿಗೆ ಸಿದ್ಧನಾಗಿ ನಾನು ಹೋಗಿರಲಿಲ್ಲ. ಮದ್ದಿನ ಮಾತನ್ನು ನಾನು ಬರೀ ಸೊಸೆಯ ಮೇಲಿನ ಅಪವಾದ ಎಂದೇ ತಿಳಿದಿದ್ದೆ. ಅದು ಈಕೆ ಬದುಕುವ ಆಸೆಯೂ ಆಗಿತ್ತು. ನಾನು ಅದನ್ನು ಕಿತ್ತುಕೊಂಡಿದ್ದೆ. ದುಃಖವಾಯಿತು, ಆದರೆ ಹೇಳಿದ್ದನ್ನು ಹಿಂದೆ ತೆಗೆದುಕೊಳ್ಳಬೇಕು ಎಂದು ಅನ್ನಿಸಲಿಲ್ಲ.

ಆಮೇಲೆ ಆಕೆ ಕೇಳಿದ್ದೆಲ್ಲ ಕೆಲಸದ ಪ್ರಶ್ನೆಗಳು. ಎಷ್ಟು ದಿನ? ಮುಂಗಾರು ಬಿತ್ತಿಗೆಯವರೆಗೆ ಇರಬಹುದು, ಬೆಳೆ ನೋಡುವುದು ಕಷ್ಟ ಎಂದೆ. ನೋವು? ನೋವಿಗೆ ನನ್ನಲ್ಲಿ ಔಷಧ ಇದೆ, ಅದರ ಬಗ್ಗೆ ಮಾತು ಕೊಡಬಲ್ಲೆ. ಬುದ್ಧಿ ಸರಿಯಾಗಿ ಇರುತ್ತದೆಯೇ? ಕೊನೆಯ ಒಂದೆರಡು ದಿನ ಬಿಟ್ಟರೆ ಇರುತ್ತದೆ. ಎಲ್ಲ ಕೇಳಿಕೊಂಡು, ಮಗನನ್ನು ಕರೆ ಎಂದಳು. ಅವನು ಬಂದು ತಾಯಿಯ ಮುಖ ನೋಡಿದ ಕೂಡಲೇ ಆಕೆಗೆ ಎಲ್ಲ ತಿಳಿದಿದೆ ಎಂಬುದನ್ನು ಅರಿತ. ಅವಳು ಅವನಿಗೆ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಗಜೇಂದ್ರಗಡಕ್ಕೆ ಹೋಗಿ ಹೆಂಡತಿಯನ್ನು ಕರೆದುಕೊಂಡು ಬಾ ಎಂದಳು.

ಅವನು ಹೋದ, ಒಬ್ಬನೇ ಬಂದ. ಬೀಗರು ಒಳಗೆ ಕರೆದಿರಲಿಲ್ಲ. ರೋಗ ಏನೆಂದು ಡಾಕ್ಟರೇ ಬಂದು ಹೇಳಲಿ ಎಂದಿದ್ದರು. ಕಂಪೌಂಡರನಿಗೆ ದವಾಖಾನೆ ಒಪ್ಪಿಸಿ ಮರುದಿನ ನಾನೇ ಹೋದೆ. ಡಾಕ್ಟರಿಕೆಯ ಯಾವ ಪುಸ್ತಕದಲ್ಲೂ ಈ ಕೆಲಸ ಬರೆದಿಲ್ಲ. ಹುಡುಗಿಯ ತಂದೆ ಸೀರೆ ನೇಯಿಸುವ ಸಾಹುಕಾರ. ಪಡಸಾಲೆಯಲ್ಲಿ ಮಗ್ಗ ನಡೆದಿತ್ತು. ನನಗೆ ಚಾಪೆ ಹಾಸಿ, ಮಗ್ಗ ನಿಲ್ಲಿಸಿ, ನನ್ನ ಮಾತು ಪೂರ್ತಿ ಕೇಳಿದ. ಬೀಗಿತ್ತಿ ಉಳಿಯುತ್ತಾರೇನು ಎಂದು ಕೇಳಿದ. ಇಲ್ಲ ಎಂದೆ.

“ಮದ್ದ ಹಾಕಿದಾಕಿ ಅಂತ ಹೆಸರಿಟ್ಟು ಕಳಿಸ್ಯಾರ್ರಿ. ಈಗ ಸಾಯೂ ಹೊತ್ತಿಗೆ ಕರೀತಾರ. ನಾಳೆ ಅವ್ರು ತೀರಿಕೊಂಡ್ರ ಉಳದದ್ದನ್ನೂ ಹಾಕಿ ಕೊಂದ್ಲು ಅಂತ ಅನ್ನೂದಿಲ್ಲೇನ್ರಿ?”

ಅವನ ಮಾತಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಸಾವು ಖಚಿತವಾಗಿರುವ ಮಂಚದ ಬಳಿಗೆ ನಾನು ಅವನ ಮಗಳನ್ನು ಕರೆಯಲು ಬಂದಿದ್ದೆ. ಅನ್ನುವುದಿಲ್ಲ ಎಂದು ಮಾತು ಕೊಡಲು ಆ ಓಣಿಯ ಬಾಯಿಗಳೇನು ನನ್ನ ಕೈಯಲ್ಲಿರಲಿಲ್ಲ. ಆಗ ಬಾಗಿಲ ಮರೆಯಿಂದ ಮಗಳು ಮಾತಾಡಿದಳು. ಅವಳ ದನಿಯನ್ನು ನಾನು ಕೇಳಿದ್ದು ಅದೇ ಮೊದಲು.

“ಅತ್ತ್ಯಾರ ಕರಸ್ಯಾರಂದ್ರ ನಾ ಹೋಗ್ತೀನಪ್ಪಾ. ಆದ್ರ ಅವ್ರ ಬಾಯಿಗೆ ಏನ ಹಾಕಿದ್ರೂ ಮೊದ್ಲ ನಾ ಕುಡದು ತೋರಸ್ತೀನಿ. ಎಲ್ಲಾರೂ ಕುಂತು ನೋಡ್ಬೇಕು.”

ತಂದೆ ನನ್ನತ್ತ ನೋಡಿದ. ಬರುವವಳಿಗೆ ಇದಕ್ಕಿಂತ ಗಟ್ಟಿ ರಕ್ಷಣೆ ನನಗೂ ತೋಚಲಿಲ್ಲ, ಒಪ್ಪಿದೆ.

ಹೀಗೆ ಅವಳು ಬಂದಳು, ಹೇಳಿದ ಹಾಗೆಯೇ ನಡೆದುಕೊಂಡಳು. ಹಿರಿಯರಿಗೆ ಎಂಜಲು ಕೊಡುವಂತಿಲ್ಲ. ಅದಕ್ಕೇ ಬಟ್ಟಲಿಗೆ ಬಾಯಿ ಹಚ್ಚದೆ, ಬಲಗೈಯ ಗುಳಿಯಲ್ಲಿ ಒಂದು ಗುಟುಕು ಸುರಿದುಕೊಂಡು ಕುಡಿದು, ಕೈ ತೊಳೆದು, ಆಮೇಲೆ ಅತ್ತೆಗೆ ಕೊಡುವಳು. ಅತ್ತೆಯ ನಾದಿನಿಯನ್ನೂ ತನ್ನ ಗಂಡನನ್ನೂ ಕರೆದು ಕೂಡಿಸದೆ ಬಟ್ಟಲು ಎತ್ತುತ್ತಿರಲಿಲ್ಲ. ಅವರು ನೋಡುತ್ತಿದ್ದರು. ಅತ್ತೆ ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದಳು.

ಕೈಕೆಲಸದಲ್ಲಿ ಅವಳು ಚುರುಕು. ನಳಿಗೆ ಕುದಿಸುವುದು, ಲಾಳಿಕೆಯನ್ನು ಎಷ್ಟು ಎತ್ತರ ಹಿಡಿದರೆ ನೀರು ಒಳಗೆ ಹೋಗುತ್ತದೆ, ಎಷ್ಟು ಇಳಿಸಿದರೆ ಹೊರಗೆ ಬರುತ್ತದೆ, ಇದನ್ನೆಲ್ಲ ಬೇಗ ಕಲಿತಳು. ಬೆನ್ನು ಹುಣ್ಣಾಗದಂತೆ ಮಗ್ಗಲು ಬದಲಿಸುವುದು, ಒದ್ದೆ ಅರಿವೆ ಸುತ್ತಿದ ಬೆರಳಿನಿಂದ ನಾಲಿಗೆ ಒರೆಸುವುದು ಹೇಳಿಕೊಟ್ಟೆ. ತೊಡಕು ಬಂದದ್ದು ನೋವಿನ ಔಷಧಕ್ಕೆ. ನಾನು ಇರದ ಹೊತ್ತಿಗೆಂದು ಅಫೀಮಿನ ಅರ್ಕವನ್ನು ಹನಿ ಎಣಿಸಿ ಕೊಡಲು ಹೇಳಿದ್ದೆ. ಒಂದು ದಿನ ಹೋಗಿ ನೋಡಿದರೆ ಅತ್ತೆ ಎಚ್ಚರವಾಗಿದ್ದಾಳೆ, ಸೊಸೆ ಕಂಬಕ್ಕೆ ಒರಗಿ ತೂಕಡಿಸುತ್ತಿದ್ದಾಳೆ. ಅರ್ಕವನ್ನೂ ಕುಡಿದು ತೋರಿಸುತ್ತಿದ್ದಳು. ಗದರಿಸಿದೆ. ಕಣ್ಣು ಮುಚ್ಚಿಸುವ ಔಷಧವನ್ನೇ ಮಂದಿ ಮೊದಲು ಅನುಮಾನಿಸುತ್ತಾರೆ, ಅದನ್ನೇ ಕುಡಿಯದೆ ಬಿಡಲೇ ಎಂದು ತಿರುಗಿ ಕೇಳಿದಳು. ಅಂದಿನಿಂದ ಅರ್ಕ ಕೊಡುವ ಕೆಲಸವನ್ನು ಮಗನಿಗೆ ವಹಿಸಿದೆ. ಮೊದಲ ದಿನ ಅವನು ಪ್ರತಿ ಹನಿಯನ್ನೂ ಬಾಯಿಬಿಟ್ಟು ಎಣಿಸಿದ.

ಮುಂಗಾರು ಹಿಡಿಯಿತು. ಎರೆಮಣ್ಣು ಸೈಕಲ್ ಗಾಲಿಗೆ ಮೆತ್ತಿ ತಿರುಗದಂತಾಗುತ್ತಿತ್ತು. ಸೈಕಲ್ ಹೊತ್ತು ನಡೆದದ್ದೂ ಉಂಟು. ಆಕೆಯ ಹೊಟ್ಟೆಯಲ್ಲಿ ನೀರು ತುಂಬಿತು, ಕಣ್ಣು ಹಳದಿಯಾಯಿತು. ಹೊಟ್ಟೆ ತೊಳೆಯುವುದನ್ನು ನಿಲ್ಲಿಸಿದೆ. ಇಂಥ ಹಂತದಲ್ಲಿ ಏನು ಮಾಡಬೇಕು ಎನ್ನುವುದಕ್ಕಿಂತ ಏನು ಬಿಡಬೇಕು ಎಂದು ತಿಳಿಯುವುದು ದೊಡ್ಡ ಕೆಲಸ. ಹೊತ್ತಿಗೆ ಸರಿಯಾಗಿ ಮಾರ್ಫಿಯಾ, ಬಾಯಿ ಒಣಗದಂತೆ ಗುಟುಕು ಗುಟುಕು ಮಜ್ಜಿಗೆಯ ತಿಳಿ, ಇಷ್ಟೇ ಉಳಿಯಿತು. ನೋವಿನ ಬಗ್ಗೆ ಕೊಟ್ಟ ಮಾತು ಉಳಿಸಿಕೊಂಡೆ ಎಂಬುದು ನನ್ನ ಸಮಾಧಾನ. ಆದರೆ ನೀರಡಿಕೆ ನನ್ನ ಕೈ ಮೀರಿತ್ತು. ಎಷ್ಟು ಗುಟುಕು ಕೊಟ್ಟರೂ ತುಟಿ ಮರುಕ್ಷಣವೇ ಒಣಗುತ್ತಿತ್ತು.

ಕೊನೆ ಹತ್ತಿರವಾದ ಸುದ್ದಿ ತಿಳಿದು ಓಣಿಯ ಹೆಂಗಸರು ಬಂದು ಕೂತಿದ್ದ ಒಂದು ಬೆಳಿಗ್ಗೆ ನಾನೂ ಅಲ್ಲಿದ್ದೆ. ಬಿಸಿಲಿಗೆ ಫಿಲ್ಮ್ ಹಿಡಿದು ನೋಡಿದವರು, ತಾಟಿನಲ್ಲಿ ಮದ್ದು ನೋಡಿಹೋದವರು ಅವರೇ. ನಾಡಿ ನೋಡಿ ಸೂಜಿ ತೊಳೆಯುತ್ತಿದ್ದೆ. ಸೊಸೆ ಮಜ್ಜಿಗೆಯ ತಿಳಿಯ ಬಟ್ಟಲು ತಂದು ಮಂಚದ ಪಕ್ಕ ಕುಳಿತಳು. ಎಂದಿನಂತೆ ಗಂಡನ ಕಡೆ, ನಾದಿನಿಯ ಕಡೆ ನೋಡಿದಳು, ಅವತ್ತು ಓಣಿಯವರ ಕಡೆಗೂ ನೋಡಿ, ಅಂಗೈಗೆ ಸುರಿದುಕೊಂಡಳು. ಆ ಕೈ ಬಾಯಿಗೆ ಹೋಗುವ ಮೊದಲೇ ಅತ್ತೆ ಕಣ್ಣು ತೆರೆದು ಅವಳ ಮಣಿಕಟ್ಟು ಹಿಡಿದಳು. ಅಷ್ಟು ಬಲ ಆ ಕೈಯಲ್ಲಿ ಉಳಿದಿದ್ದು ನನಗೆ ಗೊತ್ತಿರಲಿಲ್ಲ.

“ಕುಡದು ತೋರಿಸಿದ್ದು ಸಾಕ ಬಿಡ ಯವ್ವಾ,” ಎಂದಳು. ದನಿ ಸಣ್ಣಗಿತ್ತು, ಆದರೆ ಅಲ್ಲಿದ್ದವರೆಲ್ಲರಿಗೂ ಕೇಳಿಸಿತು. “ನನಗ ನೀರಡಿಕಿ ಆಗೇತಿ. ಮೊದ್ಲ ನನಗ ಕೊಡು.”

ಅಂಗೈಯಲ್ಲಿದ್ದದ್ದು ಬೆರಳುಗಳ ಸಂದಿಯಿಂದ ಸೋರಿ ನೆಲಕ್ಕೆ ಬಿತ್ತು. ಸೊಸೆ ಹಾಗೆಯೇ ಕೂತಿದ್ದಳು. ಎದ್ದವಳು ನಾದಿನಿ. ಮಂಚದ ತಲೆದೆಸೆಗೆ ಬಂದು, ಅತ್ತಿಗೆಯ ಕತ್ತಿನ ಕೆಳಗೆ ತೋಳು ಕೊಟ್ಟು ತಲೆ ಎತ್ತಿ ಹಿಡಿದಳು. ಸೊಸೆಗೆ, ಕೊಡು ಎಂದಳು. ಸೊಸೆ ಬಟ್ಟಲನ್ನು ನೇರ ಅತ್ತೆಯ ತುಟಿಗೆ ಹಚ್ಚಿದಳು.